ಮೂರು ಎಲೆ ಜೋರು, ಒಂದು ಎಲೆ ಸಣ್ಣ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ಮೂಗು ತಕ್ಕಮಟ್ಟಿಗೆ ಉದ್ದ. ತುದಿಯವರೆಗೆ ಬರಲು ಸಿಟ್ಟಿಗೆ ಸ್ವಲ್ಪವಾದರೂ ಹೊತ್ತು ಹಿಡಿಯಬೇಕಿತ್ತು, ಹಿಡಿಯುತ್ತಿರಲಿಲ್ಲ. ಆ ಸಿಟ್ಟಿನಲ್ಲಿ ನಾನು ಮಾಡಿದ ಕತ್ತೆ ಕೆಲಸಗಳನ್ನೆಲ್ಲ ಬರೆಯಲು ಕೂತರೆ ಕಾಗದ ಸಾಲದು. ಒಂದನ್ನು ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದರ ನಾಚಿಕೆ ಇನ್ನೂ ಹೋಗಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ತುರುವೇಕೆರೆಯ ನಮ್ಮ ಮನೆಯ ಜಗುಲಿಯಲ್ಲಿ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದವನನ್ನು ಕಿಬ್ಬನಹಳ್ಳಿ ಕ್ರಾಸಿನ ಹತ್ತಿರದ ಒಂದು ತೆಂಗಿನಪುಡಿ ಫ್ಯಾಕ್ಟರಿಯ ಯಜಮಾನರು ಕರೆಸಿಕೊಂಡರು. ತೆಂಗಿನಕಾಯಿ ಒಡೆದು, ಕಂದು ಸಿಪ್ಪೆ ಹೆರೆದು, ತುರಿದು, ಬಿಸಿಗಾಳಿಯಲ್ಲಿ ಒಣಗಿಸಿ ಬಿಸ್ಕತ್ತಿನವರಿಗೂ ಮಿಠಾಯಿಯವರಿಗೂ ಕಳಿಸುವ ಫ್ಯಾಕ್ಟರಿ ಅದು. ಪುಡಿ ಹಾಲಿನಂತೆ ಬೆಳ್ಳಗಿರಬೇಕು. ಹೆಚ್ಚು ಒಣಗಿದರೆ ಹಳದಿ ತಿರುಗುತ್ತದೆ, ಕಡಿಮೆ ಒಣಗಿದರೆ ಮೂಟೆಯಲ್ಲೇ ಮುಗ್ಗುತ್ತದೆ. ಯಜಮಾನರು ಬೆಂಗಳೂರಿನ ಯಾವುದೋ ವಸ್ತುಪ್ರದರ್ಶನದಲ್ಲಿ ಒಂದು ಕಂಟ್ರೋಲರ್ ನೋಡಿ ಮರುಳಾಗಿ ಕೊಂಡು ತಂದಿದ್ದರು. ಅದನ್ನು ಡ್ರೈಯರಿಗೆ ಕೂಡಿಸಿ, ಒಣಗಿಸುವ ಕೆಲಸವನ್ನೆಲ್ಲ ಅದಕ್ಕೆ ಕಲಿಸುವುದು ನನ್ನ ಕೆಲಸ.

ಒಂದು ಮೊಳದಷ್ಟಿದ್ದ ಹಸಿರು ಹಲಗೆ. ಮೇಲೆ ಜೀರುಂಡೆಗಳ ಹಾಗೆ ಕಪ್ಪು ಚಿಪ್‌ಗಳು. (ತೆಂಗಿನ ಚಿಪ್ಪಿನ ರಾಶಿಯ ನಡುವೆ ಚಿಪ್ ಎಂದರೆ ಏನೇನು ಜೋಕು ಹುಟ್ಟುತ್ತದೋ ಅವೆಲ್ಲ ಮೊದಲ ದಿನವೇ ಹುಟ್ಟಿ, ಮುದಿಯಾಗಿ, ಸತ್ತೂ ಹೋದವು. ನಾನು ಮತ್ತೆ ಹೇಳುವುದಿಲ್ಲ.) ಕೆಳಗೆ ಕಡಲೆಬೀಜದ ಗಾತ್ರದ ಗುಂಡಿಗಳು, ಪಕ್ಕದಲ್ಲಿ ಆರು ಕೆಂಪು ಅಂಕಿ ಹೊತ್ತಿಕೊಳ್ಳುವ ಕಿಟಕಿ. ಯಜಮಾನರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆ ನಾನು ಸ್ವಿಚ್ ಹಾಕಿದೆ. ಕಿಟಕಿಯಲ್ಲಿ ಒಂದೇ ಒಂದು ಗೆರೆ ಮೂಡಿತು.

"ಏನೂ ಮಾಡ್ತಾನೇ ಇಲ್ವಲ್ರೀ?" ಎಂದರು ಯಜಮಾನರು.

"ಕಾಯ್ತಾ ಇದೆ ಸಾರ್. ನಾವು ಏನು ಮಾಡು ಅಂತ ಹೇಳಬೇಕು."

"ಹೇಳೋವರೆಗೂ ಕೈಕಟ್ಕೊಂಡು ನಿಲ್ಲೋರು ಇಲ್ಲಿ ಮೊದ್ಲೇ ನಲವತ್ತು ಜನ ಅವ್ರೆ. ಅದಕ್ಕೆ ಮಿಷಿನ್ ಬೇರೆ ಬೇಕಿತ್ತಾ?"

ಡ್ರೈಯರಿನ ಮುಂದೆ ಒಂದು ಮಣೆಯ ಮೇಲೆ ಕೂತಿದ್ದವರು ದೊಡ್ಡಪ್ಪ. ಯಾರಿಗೂ ಸ್ವಂತ ದೊಡ್ಡಪ್ಪ ಅಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸು, ಕಂದಿಕೆರೆ ಕಡೆಯವರು, ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಕರಟ ಉರಿಸಿದ ಒಲೆಯಿಂದ ಬಿಸಿಗಾಳಿ ಬರುವ ದಾರಿಗೆ ಅಡ್ಡವಾಗಿ ಒಂದು ಕಬ್ಬಿಣದ ತಟ್ಟು, ಅಂದರೆ ತೆರೆದು ಮುಚ್ಚುವ ಹಲಗೆ, ಇತ್ತು. ಸರಪಳಿಯಿಂದ ಅದನ್ನು ಎಳೆದು ಬಿಸಿ ಜೋರು ಮಾಡುವುದು, ಬಿಟ್ಟು ಸಣ್ಣ ಮಾಡುವುದು, ಪುಡಿ ಹದಕ್ಕೆ ಬಂತೋ ಇಲ್ಲವೋ ನೋಡಿ ತೆಗೆಯುವುದು ಅವರ ಕೆಲಸ. ಕಂಟ್ರೋಲರ್ ಕೆಲಸ ಕಲಿತ ದಿನ ಅವರು ಮನೆಗೆ ಹೋಗಬೇಕೆಂದು ಯಜಮಾನರು ಎಲ್ಲರೆದುರೇ ಹೇಳಿಬಿಟ್ಟಿದ್ದರು.

ದೊಡ್ಡಪ್ಪನಿಗೆ ಮನೆಗೆ ಹೋಗುವುದೆಂದರೆ ಜೀವ ಹೋದಂತೆ. ಮನೆಯಲ್ಲಿ ಒಂದು ಎಮ್ಮೆ ಇತ್ತು. ಅದಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ. ಅವರ ವಾಸನೆ ಸಿಕ್ಕರೆ ಸಾಕು, ಕೊಂಬು ತಗ್ಗಿಸಿಕೊಂಡು ಬರುತ್ತಿತ್ತಂತೆ.

"ಮನೇಲ್ ಕುಂತ್ರೆ ಸೊಸೆ ಸುಮ್ಕೆ ಬುಡ್ತಾಳಾ? ಎಮ್ಮೆ ಮೇಯಿಸ್ಕಂಡ್ ಬಾ ಅಂತಾಳೆ" ಎಂದು ನನ್ನ ಹತ್ತಿರ ಗೋಳು ತೋಡಿಕೊಂಡರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎಮ್ಮೆಯ ಹೆಸರಿನಲ್ಲಿ ಅವರು ಹೇಳುತ್ತಿದ್ದುದು ಬೇರೆ ಸಂಕಟ ಎಂದು ಇಪ್ಪತ್ತೆರಡು ವರ್ಷದ ತಲೆಗೆ ಹೊಳೆಯಲಿಲ್ಲ.

ಯಂತ್ರಕ್ಕೆ ಕಲಿಸಬೇಕಾದರೆ ಎಷ್ಟು ಬಿಸಿ, ಎಷ್ಟು ನಿಮಿಷ ಎಂದು ಗೊತ್ತಿರಬೇಕಲ್ಲ. ಅದು ಗೊತ್ತಿದ್ದುದು ದೊಡ್ಡಪ್ಪನಿಗೆ ಒಬ್ಬರಿಗೇ. ಬಿಸಿ ಎಷ್ಟೆಂದು ಥರ್ಮಾಮೀಟರ್ ಇಟ್ಟು ತಿಳಿದುಕೊಂಡೆ. ಹೊತ್ತು ಎಷ್ಟೆಂದು ಕೇಳಿದೆ.

"ಬರ್ಕಳಪ್ಪ, ಯೋಳ್ತೀನಿ. ಮೂರ್ ಎಲೆ ಜೋರು, ಒಂದ್ ಎಲೆ ಸಣ್ಣ. ಆಮ್ಯಾಕೆ ಒಂದ್ ಚಿಟಿಕೆ ಬಾಯಿಗಾಕ್ಕಂಡು ನೋಡೋದು. ಆಗಿದ್ರೆ ತೆಗೆಯೋದು, ಆಗ್ದಿದ್ರೆ ಬುಡೋದು. ಅಷ್ಟೇಯ."

"ಎಲೆ ಅಂದ್ರೆ ಏನು ದೊಡ್ಡಪ್ಪ?"

ಅವರು ನನ್ನನ್ನು ಪಾಪದವನೆಂಬಂತೆ ನೋಡಿ ಸೊಂಟದ ಸಂಚಿ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣ. ಒಂದು ಸಲ ಎಲೆ ಅಡಿಕೆ ಹಾಕಿಕೊಂಡು, ಪೂರ್ತಿ ಅಗಿದು, ಹೊರಗೆ ಹೋಗಿ ಉಗಿದು ಬರುವಷ್ಟು ಹೊತ್ತು ಒಂದು ಎಲೆ. ಇಪ್ಪತ್ತು ವರ್ಷದಿಂದ ಆ ಫ್ಯಾಕ್ಟರಿಯ ಪುಡಿಯೆಲ್ಲ ಈ ಲೆಕ್ಕದಲ್ಲೇ ಒಣಗಿತ್ತು. ಅಯ್ಯೋ ಶಿವನೇ, ಕಾಲೇಜಿನಲ್ಲಿ ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡುವುದನ್ನು ಕಲಿತು ಬಂದವನು ನಾನು.

ಸರಿ, ಕೈಗಡಿಯಾರ ಬಿಚ್ಚಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಹಾಕ್ಕಳಿ ದೊಡ್ಡಪ್ಪ" ಎಂದೆ. ಅವರು ಒಂದು ಗಳಿಗೆ ಏನೋ ಯೋಚಿಸಿದರು. ಆಮೇಲೆ ಎಲೆ ಮಡಿಸಿ ಬಾಯಿಗಿಟ್ಟು ನನ್ನ ಮುಖ ನೋಡುತ್ತಾ ಅಗಿಯತೊಡಗಿದರು, ನಾನು ಅವರ ದವಡೆ ನೋಡುತ್ತಾ ಕೂತೆ. ಸಿಪ್ಪೆ ಹೆರೆಯುವ ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಹದಿನೆಂಟು ನಿಮಿಷಕ್ಕೆ ಉಗಿದರು. ಒಂದು ಸಲಕ್ಕೆ ನಂಬಬಾರದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಇನ್ನೊಮ್ಮೆ ಹಾಕಿಸಿದೆ. ಆಗಲೂ ಹದಿನೆಂಟು. ವಿಜ್ಞಾನ ಗೆದ್ದಿತು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಆ ಚಿಟಿಕೆ ಬಾಯಿಗೆ ಹಾಕುವ ಮಾತನ್ನು ಬರೆದುಕೊಳ್ಳಲಿಲ್ಲ. ಯಂತ್ರಕ್ಕೆ ಬಾಯಿ ಎಲ್ಲಿದೆ?

ಯಂತ್ರದ ಲೆಕ್ಕ ಹತ್ತಕ್ಕಲ್ಲ, ಹದಿನಾರಕ್ಕೆ ದಶಕ ಕಟ್ಟುತ್ತದೆ. ಹಾಗಾಗಿ ನಮ್ಮ ಹದಿನೆಂಟನ್ನು, ಅಂದರೆ ಒಂದು ಹದಿನಾರು ಮತ್ತು ಎರಡನ್ನು, ಅದಕ್ಕೆ ಒಂದು, ಎರಡು ಎಂದು ಬರೆದು ಹೇಳಬೇಕು. ಯಜಮಾನರು ಬಂದು ಪುಸ್ತಕ ಇಣುಕಿ, "ಒಂದು ಎಲೆಗೆ ಹನ್ನೆರಡು ನಿಮಿಷವಾ? ಸರಿಯಾಗೇ ಇದೆ" ಎಂದು ತಲೆಯಾಡಿಸಿ ಹೋದರು. ನನ್ನ ಲೆಕ್ಕದ ಗುಟ್ಟು ಇವರಿಗೇನು ಗೊತ್ತು ಎಂದು ನಾನು ಮೀಸೆಯಡಿ ನಕ್ಕೆ. ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ನಗು ಎಲ್ಲರಿಗೂ ಕಾಣಿಸಿರಬೇಕು.

ಕಲಿಸುವ ಕೆಲಸ ಹೇಳುತ್ತೇನೆ ಕೇಳಿ. ಮುನ್ನೂರು ಚಿಲ್ಲರೆ ಸಂಕೇತಗಳನ್ನು ಒಂದೊಂದಾಗಿ ಆ ಕಡಲೆಬೀಜದ ಗುಂಡಿಗಳಲ್ಲಿ ಒತ್ತಬೇಕು. ಒತ್ತಿ ಮುಗಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಕರೆಂಟ್ ಹೋದರೆ ಅದು ಕಲಿತದ್ದೆಲ್ಲ ಮರೆತು, ಬಂದಾಗ ಮತ್ತೆ ಅದೇ ಒಂದು ಗೆರೆ ತೋರಿಸುತ್ತಿತ್ತು. ದಿನಕ್ಕೆ ನಾಲ್ಕು ಸಲ ಹೀಗಾದರೆ ನನ್ನಂಥ ಸಿಟ್ಟಿನವನ ಗತಿಯೇನು? ಒಂದು ಸಲ ಅದಕ್ಕೆ ಹೊಡೆಯಲು ಕೈ ಎತ್ತಿದ್ದೆ.

"ಮರ್ತೇಬುಡ್ತಾ ಪೂರ್ತಿ?" ಎಂದು ಸಿಪ್ಪೆ ಹೆರೆಯುವವರ ಮುಂದಾಳು ಅಕ್ಕ ಕೇಳಿದಳು. ಗಟ್ಟಿ ಗಂಟಲಿನ ಹೆಂಗಸು.

"ಪೂರ್ತಿ."

"ಇದ್ರ ಹತ್ರ ನಮ್ಮತ್ತೇನ ಪಾಠಕ್ಕೆ ಕಳಿಸ್ಬೇಕು ಬುಡಿ. ಮೂವತ್ ವರ್ಸದ್ದು ಒಂದೂ ಮರ್ತಿಲ್ಲ ಆ ಮಹಾತಾಯಿ."

ನಾನು ಒತ್ತುವಾಗ ಅಕ್ಕ ಪುಸ್ತಕ ನೋಡಿ ಓದುವುದೆಂದು ಆಯಿತು. ಯಂತ್ರಕ್ಕೆ ಇಂಗ್ಲಿಷಿನಲ್ಲಿ ಎ ಇಂದ ಎಫ್‌ವರೆಗೆ ಆರೇ ಅಕ್ಷರ ಬೇಕು. ಅಕ್ಕನಿಗೂ ಅಷ್ಟೇ ಬರುತ್ತಿತ್ತು, ಇಬ್ಬರಿಗೂ ಸರಿಹೋಯಿತು. "ಮೂರು ಇ, ಸೊನ್ನೆ ಐದು, ಡಿ ಮೂರು" ಎಂದು ಅವಳು ಸೋಬಾನೆ ಧಾಟಿಯಲ್ಲಿ ಎತ್ತಿಕೊಂಡರೆ ಕಾಯಿ ಹೆರೆಯುತ್ತಾ ಉಳಿದವರು ಹಿಂದೆ ಹೇಳುತ್ತಿದ್ದರು. ವಾರದಲ್ಲಿ ಪುಸ್ತಕವೇ ಬೇಕಾಗಲಿಲ್ಲ. ನಾನೊಮ್ಮೆ ಕಣ್ಣು ತಪ್ಪಿ ಮುಂದೆ ಹೋದಾಗ ಮೂಲೆಯಿಂದ ಒಬ್ಬಳು, "ಅಲ್ಲಿ ಸೊನ್ನೆ ಆರು ಬತ್ತದೆ ಕಣ್ರೀ" ಎಂದು ತಿದ್ದಿದಳು. ಸೊನ್ನೆ ಆರೇ ಇತ್ತು.

ಎಲ್ಲ ಸರಿಯಾಯಿತು ಎನ್ನಿಸಿದ ಮೇಲೆ ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕರೆಂಟ್ ಹೋದರೂ ಮರೆಯದ ಒಂದು ಚಿಪ್‌ಗೆ ಆ ಸಂಕೇತಗಳನ್ನು ಸುಡಿಸಿಕೊಂಡು ಬಂದೆ. ಸುಡುವುದು ಎಂದೇ ಹೇಳುತ್ತಿದ್ದರು. ಅದರ ನೆತ್ತಿಯಲ್ಲಿ ಪುಟ್ಟ ಗಾಜಿನ ಕಿಟಕಿ, ಬಿಸಿಲು ಬಿದ್ದರೆ ಅಳಿಸಿಹೋಗುತ್ತದೆ, ಏನಾದರೂ ಅಂಟಿಸಿ ಮುಚ್ಚಿ ಎಂದು ಕೊಟ್ಟವರು ಹೇಳಿದ್ದರು. ಅಕ್ಕ ತನ್ನ ಹಣೆಯ ಅಂಟುಬೊಟ್ಟು ಕಿತ್ತು ಅಂಟಿಸಿದಳು. ಬೊಟ್ಟಿಟ್ಟುಕೊಂಡು ಅದು ಮದುವಣಗಿತ್ತಿಯ ಹಾಗೆ ಕೂತಿತು.

ಒಂದು ಸಲಕ್ಕೆ ಒಣಗಿಸುವ ಪುಡಿಗೆ ಒಬ್ಬೆ ಎನ್ನುತ್ತಿದ್ದೆವು. ಮೊದಲ ಒಬ್ಬೆಯ ದಿನ ಬಂತು. ತಟ್ಟೆ ತಟ್ಟೆ ಬಿಳಿ ತುರಿಯನ್ನು ಒಳಗಿಟ್ಟು ಬಾಗಿಲು ಹಾಕಿದೆವು. ನಾನು ಗುಂಡಿ ಒತ್ತಿ, ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಂಡು, ಕೈ ಹಿಂದೆ ಕಟ್ಟಿ ನಿಂತೆ. ಸರಪಳಿಯಿಲ್ಲದೆ ತಟ್ಟು ತಾನೇ ತೆರೆದಾಗ ಹೆಂಗಸರು ಚಪ್ಪಾಳೆ ಹೊಡೆದರು. ದೊಡ್ಡಪ್ಪ ಮಣೆಯ ಮೇಲೆ ಬರಿಗೈಯಲ್ಲಿ ಕೂತಿದ್ದರು.

ಮುಕ್ಕಾಲು ಗಂಟೆಯಾಗಿರಬೇಕು. "ಯಾಕೋ ವಾಸ್ನೆ ತಿರುಗ್ತಾ ಐತೆ ಕಣಪ್ಪ. ಬಾಗ್ಲು ತೆಗೀಲಾ?" ಎಂದರು.

"ಮುಟ್ಟಬೇಡಿ ದೊಡ್ಡಪ್ಪ. ಮಿಷಿನ್ ನೋಡಿಕೊಳ್ಳುತ್ತೆ."

ಮಿಷಿನ್ ನೋಡಿಕೊಂಡಿತು. ನಾಲ್ಕು ಎಲೆಯ ಹೊತ್ತು ಪೂರ್ತಿ ಮುಗಿಸಿ ಟಿಣ್ ಎಂದು ಗಂಟೆ ಹೊಡೆಯಿತು. ಬಾಗಿಲು ತೆಗೆದರೆ ಒಳಗೆ ಹುರಿದ ರವೆ ಬಣ್ಣದ ಪುಡಿ, ಘಮಘಮ ಎನ್ನುವ ವಾಸನೆ. ಬೆಲ್ಲದ ಪಾಕ ಒಂದಿದ್ದಿದ್ದರೆ ಊರಿಗೆಲ್ಲ ಮಿಠಾಯಿ ಹಂಚಬಹುದಿತ್ತು.

ಯಜಮಾನರು ಕೂಗಾಡಿದರು. ನನ್ನ ಮೂಗಿನ ತುದಿ ಬಿಸಿಯಾಯಿತು. ನಾನು ಯಂತ್ರವನ್ನು ನೋಡಲಿಲ್ಲ, ಪುಸ್ತಕವನ್ನು ನೋಡಲಿಲ್ಲ. ನೇರ ದೊಡ್ಡಪ್ಪನ ಕಡೆ ತಿರುಗಿ ನಲವತ್ತು ಜನರ ಮುಂದೆ ಅಂದುಬಿಟ್ಟೆ: "ಕೆಲಸ ಉಳಿಸಿಕೊಳ್ಳೋಕೆ ಬೇಕಂತಲೇ ತಪ್ಪು ಲೆಕ್ಕ ಕೊಟ್ರಿ ಅಲ್ವಾ? ನಿಧಾನವಾಗಿ ಅಗಿದು ನನ್ನ ಮಂಗ ಮಾಡಿದ್ರಿ!"

ಅವರು ಸಂಚಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ತಮ್ಮೂರ ಕಡೆಗೆ ಹೋಗುವ ಚಿಕ್ಕನಾಯಕನಹಳ್ಳಿ ಬಸ್ಸು ನಿಲ್ಲುವಲ್ಲಿಗೆ ನಡೆದುಹೋದರು.

ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಕುಕ್ಕಿ ನನ್ನ ಹತ್ತಿರ ಬಂದಳು. "ನಿಂಗೇನ್ ಕಣ್ ತೂತಾಗಿದ್ವಾ? ಅವತ್ತು ಅವರ ದವಡೆ ಊದಿದ್ದು ಕಾಣ್ಲಿಲ್ವಾ? ಹುಳುಕು ಹಲ್ಲು ಕಣಯ್ಯ. ಎಂಟು ದಿನದಿಂದ ಎಲೆನೇ ಮುಟ್ಟಿರ್ಲಿಲ್ಲ. ನೀನು ಕೇಳ್ದೆ ಅಂತ ಒಂದೇ ಮಗ್ಗುಲಲ್ಲಿ ಅಗಿದ್ರು. ಅದೂ ಎರಡು ಸಲ ಹಾಕಿಸ್ದೆಯಲ್ಲ ಮಾರಾಯ!"

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ಹೊತ್ತು ನಾನು ನೋಡಿದ್ದು ಆ ದವಡೆಯನ್ನೇ. ಮನಸ್ಸು ಗಡಿಯಾರದ ಮುಳ್ಳಿನ ಮೇಲಿತ್ತೇ ಹೊರತು ಮನುಷ್ಯನ ಮೇಲಿರಲಿಲ್ಲ.

ಮರುದಿನ ಕಂದಿಕೆರೆ ಕಡೆಯ ಬಸ್ಸು ಹತ್ತಿದೆ. ಮನೆ ಹುಡುಕಿಕೊಂಡು ಹಿತ್ತಿಲಿಗೆ ಹೋದರೆ ದೊಡ್ಡಪ್ಪ ರಾಗಿ ಹುಲ್ಲಿನ ಮೆದೆಯ ಮೇಲೆ ಕೂತಿದ್ದರು. ಮೆದೆಯ ಬುಡದಲ್ಲಿ ಎಮ್ಮೆ ನಿಂತಿತ್ತು. ಅವಸರವಿಲ್ಲದೆ ಮೆಲುಕು ಹಾಕುತ್ತಾ ಅವರು ಇಳಿಯುವುದನ್ನೇ ಕಾಯುತ್ತಿತ್ತು.

"ಯಾಕ್ ಬಂದ್ಯೋ? ಓಡೋಗು!" ಎಂದು ಮೇಲಿಂದ ಕೂಗಿದರು. ನಾನು ಕೈಮುಗಿದು, "ತಪ್ಪಾಯ್ತು ದೊಡ್ಡಪ್ಪ" ಎಂದೆ. ಎಮ್ಮೆ ನನ್ನ ಕಡೆ ತಿರುಗಿತು. ನಾನು ಹೇಗೆ ಹತ್ತಿದೆನೋ ಆ ದೇವರೇ ಬಲ್ಲ, ಮುಂದಿನ ಗಳಿಗೆಯಲ್ಲಿ ನಾನೂ ಮೆದೆಯ ಮೇಲಿದ್ದೆ, ಒಂದು ಚಪ್ಪಲಿ ಎಮ್ಮೆಯ ಕಾಲಡಿಯಿತ್ತು. ಹುಲ್ಲು ಚುಚ್ಚಿಸಿಕೊಳ್ಳುತ್ತಾ ಅಲ್ಲೇ ಕ್ಷಮೆ ಕೇಳಿದೆ. ಕೇಳುತ್ತಾ ಕೇಳುತ್ತಾ ಅಳು ಬಂದುಬಿಟ್ಟಿತು.

"ನಂಗೆ ಸುಳ್ ಯೋಳಾಕೆ ಬರಾಕಿಲ್ಲ ಅಂತಲ್ಲ ಕಣಪ್ಪ" ಎಂದರು. "ಸೊಸೆಗೆ ದಿನಾ ಯೋಳ್ತೀನಿ. ಪುಡಿ ಇಸ್ಯದಲ್ಲಿ ಯಾವತ್ತೂ ಯೋಳಿಲ್ಲ."

"ಹಲ್ಲು ನೋವು, ನಾಳೆ ಅಗೀತೀನಿ ಅಂತ ಹೇಳಬಹುದಿತ್ತಲ್ಲ?"

"ನಾಳೆ ಅಂದಿದ್ರೆ, ಮುದುಕ ಕೆಲ್ಸ ಉಳಿಸ್ಕಳಾಕೆ ಸತಾಯಿಸ್ತಾವ್ನೆ ಅಂತಿದ್ದೆ ನೀನು."

ಅಂತಿದ್ದೆ. ಖಂಡಿತ ಅಂತಿದ್ದೆ. ಅಷ್ಟರಲ್ಲಿ ಸೊಸೆ ಬಂದು ನಮ್ಮಿಬ್ಬರನ್ನೂ ನೋಡಿ ಬಿದ್ದು ಬಿದ್ದು ನಕ್ಕು, ಎಮ್ಮೆಯ ಕಿವಿ ಹಿಡಿದುಕೊಂಡು ಹೊರಟಳು. ಅದು ಹಸುಗೂಸಿನ ಹಾಗೆ ಹಿಂದೆ ಹೋಯಿತು.

ಇನ್ನೂ ಕಲಿಸುವುದು ಮುಗಿದಿಲ್ಲ, ದೊಡ್ಡಪ್ಪ ಬೇಕು ಎಂದು ಯಜಮಾನರ ಹತ್ತಿರ ಹೇಳಿ ಅವರನ್ನು ಕರೆತಂದೆ. ಹಲ್ಲು ಕೀಳಿಸಿ, ಊತ ಇಳಿದ ಮೇಲೆ ಹೊಸದಾಗಿ ಹೊತ್ತು ಅಳೆದೆ. ಒಂದು ಎಲೆಗೆ ಹನ್ನೆರಡು ನಿಮಿಷ. ಮತ್ತೆ ರೈಲು, ಮತ್ತೆ ಸುಡಿಸುವುದು, ಮತ್ತೆ ಅಕ್ಕನ ಬೊಟ್ಟು. ಆದರೆ ಈ ಸಲ ಯಂತ್ರದ ಪ್ರೋಗ್ರಾಮಿನಲ್ಲಿ ನಾನೊಂದು ಕಳ್ಳಾಟ ಆಡಿದ್ದೆ. ನಾಲ್ಕು ಎಲೆ ಮುಗಿದ ಮೇಲೆ ಯಂತ್ರ ತಾನೇ ನಿಲ್ಲದೆ, ಸಣ್ಣ ಬಿಸಿಯಲ್ಲೇ ಒಂದು ಗುಂಡಿ ಒತ್ತುವುದನ್ನು ಕಾಯುತ್ತಿತ್ತು. ಒತ್ತಿದರಾ, ಇಲ್ಲ, ಒತ್ತಿದರಾ, ಇಲ್ಲ ಎಂದು ಸೆಕೆಂಡಿಗೆ ಸಾವಿರಾರು ಸಲ ಕೇಳಿಕೊಳ್ಳುತ್ತಾ ಸುತ್ತುತ್ತಿತ್ತು. ಆ ಗುಂಡಿ ಒತ್ತಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯ ದೊಡ್ಡಪ್ಪ. ಪಾಪ, ಮುದುಕರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದು ದಯೆ ತೋರಿಸಿದೆನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅವರಿಗೂ ಗುಟ್ಟಾಗಿ ಹೇಳಿದ್ದೆ.

ಯಜಮಾನರು ನೋಡಲು ಬಂದರು. ಯಂತ್ರ ಕಾಯುತ್ತಾ ನಿಂತಿದ್ದನ್ನು ಕಂಡು, "ಇದ್ಯಾಕ್ರೀ ನಿಂತೋಯ್ತು?" ಎಂದರು. ನಾನು ರೈಲಿನಲ್ಲೇ ಬಾಯಿಪಾಠ ಮಾಡಿದ್ದ ಉದ್ದುದ್ದ ಇಂಗ್ಲಿಷ್ ಪದಗಳನ್ನು ಉದುರಿಸಿದೆ. ಈ ಹಂತದಲ್ಲಿ ಮನುಷ್ಯರ ಕೈ ಬೀಳದಿದ್ದರೆ ಪ್ರೊಸೆಸರ್ ಸುಟ್ಟುಹೋಗುತ್ತದೆ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ನಂಬಿದರು!

"ಅಂಗೇನಿಲ್ಲ ಯಜಮಾನ್ರೇ" ಎಂದರು ದೊಡ್ಡಪ್ಪ ಮಣೆಯಿಂದ ಎದ್ದು. "ಆ ಗುಂಡಿ ನಂಗೋಸ್ಕರ ಮಡಗವ್ನೆ. ಮಿಷಿನ್ನಿಗೆ ಬೇಕಿಲ್ಲ."

ಇಂಥ ಹೊತ್ತಲ್ಲೂ ನಿಜ ಹೇಳುವುದಾ ಈ ಮನುಷ್ಯ! ಯಜಮಾನರು ನನ್ನನ್ನು ನುಂಗುವ ಹಾಗೆ ನೋಡಿ, "ಹೌದೇನ್ರೀ?" ಎಂದರು. ಹೌದು ಎಂದೆ.

"ಕಿತ್ತಾಕಿ ಅದನ್ನ. ಗಡಿಯಾರಕ್ಕೆ ಸರಿಯಾಗಿ ನಡೀಲಿ."

ಗುಂಡಿ ಸದಾ ಒತ್ತಿದ ಹಾಗೇ ಇರುವಂತೆ ಅದರ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿದೆ. ಈಗ ಯಂತ್ರ ಯಾರನ್ನೂ ಕಾಯುವುದಿಲ್ಲ. ಮರುದಿನ ಬೆಳಗಿನ ಒಬ್ಬೆಗೆ ಹಾಕಿದ್ದು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿದ್ದ ಬಲಿತ ಕಾಯಿ. ಗಂಟೆ ಹೊಡೆದಾಗ ತೆಗೆದರೆ ಪುಡಿ ಅಂಚಿನಲ್ಲಿ ಹಳದಿ. ಮಧ್ಯಾಹ್ನದ್ದು ಆಗಷ್ಟೇ ಗಾಡಿಯಲ್ಲಿ ಬಂದ ಹಸಿ ಕಾಯಿ. ಅದೇ ಹೊತ್ತು, ಅದೇ ಬಿಸಿ, ಅದೇ ಗಂಟೆ. ಪುಡಿ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಿತು. ಎರಡು ಸಲವೂ ದೊಡ್ಡಪ್ಪ ಕೈಕಟ್ಟಿಕೊಂಡು ರಸ್ತೆ ನೋಡುತ್ತಾ ಕೂತಿದ್ದರು. ನಾನಿಟ್ಟದ್ದು ದಯೆಯ ಗುಂಡಿಯಲ್ಲ, ನಾನು ಮೊದಲ ದಿನ ಬರೆದುಕೊಳ್ಳದೆ ಬಿಟ್ಟ ಆ ಚಿಟಿಕೆಯ ಸಾಲು ಎಂದು ಆಗ ನನಗೆ ತಿಳಿಯಿತು.

ಯಜಮಾನರು ಒಂದೊಂದು ಕೈಯಲ್ಲಿ ಒಂದೊಂದು ಒಬ್ಬೆಯ ಪುಡಿ ಹಿಡಿದು ಒಂದಾದ ಮೇಲೊಂದು ಮೂಸಿ ನೋಡಿದರು. ಆಮೇಲೆ ಎರಡನ್ನೂ ಚೆಲ್ಲಿ ಪಂಚೆಗೆ ಕೈ ಒರೆಸಿಕೊಂಡರು.

"ಆ ಗುಂಡಿ ಮತ್ತೆ ಹಾಕಿ" ಎಂದರು ನನಗೆ.

ಮೂರನೆಯ ಒಬ್ಬೆ. ನಾಲ್ಕು ಎಲೆ ಮುಗಿದು ಯಂತ್ರ ಕಾಯುತ್ತಾ ನಿಂತಿತು. ದೊಡ್ಡಪ್ಪ ಬಾಗಿಲು ಸಂದು ಮಾಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಇನ್ನೂ ಆಗಿಲ್ಲ ಎಂದು ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಚಿಟಿಕೆ. "ಆಯ್ತು" ಎಂದು ಎದ್ದು ಹಲಗೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಾಡಿಸಿ, ಒತ್ತಿದರು. ಒತ್ತಿದ್ದು ಪಕ್ಕದ ಗುಂಡಿ. ಯಂತ್ರ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಬಿಟ್ಟು ಮತ್ತೆ ಮೊದಲಿನಿಂದ ಜೋರು ಬಿಸಿ ಶುರುಮಾಡಿತು.

ಅಕ್ಕ ಕಿಟಾರನೆ ಕಿರುಚಿದಳು. ದೊಡ್ಡಪ್ಪ ಆ ವಯಸ್ಸಿನಲ್ಲಿ ಹಾರಿ ಹೋಗಿ ಬಾಗಿಲು ತೆರೆದು ತಟ್ಟೆಗಳನ್ನು ಎಳೆದು ಹೊರಗೆ ಹಾಕಿದರು. ನಾವೆಲ್ಲ ಒಂದೊಂದು ತಟ್ಟೆಗೆ ಕೈ ಕೊಟ್ಟೆವು. ಯಜಮಾನರೂ ಪಂಚೆ ಎತ್ತಿ ಕಟ್ಟಿಕೊಂಡು ಒಂದು ತಟ್ಟೆ ಹಿಡಿದರು, ಬಿಸಿಗೆ ಕುಣಿದರು. ತಟ್ಟೆಗಳಲ್ಲಿ ಪುಡಿ ಬೆಳ್ಳಗೆ, ಬಿಡಿಬಿಡಿಯಾಗಿ ಇತ್ತು.

ಯಜಮಾನರು ಸುಟ್ಟ ಬೆರಳನ್ನು ಊದಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. ಕೆಲಸ ಹೋಯಿತು ಎಂದುಕೊಂಡೆ, ನನ್ನದೂ, ದೊಡ್ಡಪ್ಪನದೂ.

"ನಾಳೆ ತಿಪಟೂರಿಗೆ ಹೋಗಿ ಅಂಗೈ ಅಗಲದ್ದು ಒಂದು ಗುಂಡಿ ತಂದು ಹಾಕ್ರೀ" ಎಂದರು. "ಅವರಿಗೆ ಕಣ್ಣು ಕಾಣ್ಸಲ್ಲ, ನಿಮಗೆ ಬುದ್ಧಿ ಇಲ್ಲ."

ಹೂಂ ಸಾರ್ ಎಂದೆ.